ಫೋನಿಗೆ ಹಚ್ಚಿದ ಅರಿಶಿನ

ದೇವಸಂದ್ರ, ಕೆ.ಆರ್. ಪುರ,
ಬೆಂಗಳೂರು
೧೮ ಫೆಬ್ರವರಿ ೨೦೨೬

ಪ್ರೀತಿಯ ಗಂಗಕ್ಕನಿಗೆ,

ನಿನ್ನ ತಂಗಿ ಶಾಂಭವಿಯ ನಮಸ್ಕಾರಗಳು. ಪರೇಡಿನಿಂದ ನಿನ್ನ ಮೊಣಕಾಲಿಗೆ ಬಂದಿದ್ದ ನೋವು ಇಳಿದಿರಬಹುದೆಂದು ನಂಬಿದ್ದೇನೆ. ಕಲಬುರಗಿಯಲ್ಲಿ ಬಿಸಿಲು ಈಗಾಗಲೇ ಹಲ್ಲು ಕಚ್ಚಿಕೊಂಡು ನಿಂತಿರಬೇಕು; ಟೋಪಿಯೊಳಗೆ ಒದ್ದೆ ಬಟ್ಟೆ ಇಟ್ಟುಕೊಳ್ಳಬೇಕಂತೆ, ಅಪ್ಪನ ಸಲಹೆ. ಪೊಲೀಸ್ ತರಬೇತಿ ಶಾಲೆಯಲ್ಲಿ ಇದಕ್ಕೆ ಅನುಮತಿ ಇದೆಯೋ ಇಲ್ಲವೋ ಎಂಬುದನ್ನು ಅವನು ವಿಚಾರಿಸಿಲ್ಲ.

ಮೊದಲು ಕ್ಷಮೆ ಕೇಳಬೇಕು. ಭಾನುವಾರ ಸಂಜೆ ನಿಮ್ಮ ಕೈಗೆ ಫೋನು ಸಿಗುವ ಆ ಸ್ವಲ್ಪ ಹೊತ್ತಿಗಾಗಿ ನೀನು ವಾರವಿಡೀ ಹೇಗೆ ಕಾಯುತ್ತೀಯೆಂಬುದು ನನಗೆ ಗೊತ್ತು. ಹಾಗಿದ್ದೂ ಒಂದು ಭಾನುವಾರ ಅವ್ವನ ಫೋನು ಸ್ವಿಚ್ ಆಫ್ ಆಗಿತ್ತು. ಮರುಭಾನುವಾರ ಕೊನೆಯವರೆಗೂ ರಿಂಗಾಯಿತು, ಯಾರೂ ಎತ್ತಲಿಲ್ಲ. ನಾನು ಆ ಹೊತ್ತಿನಲ್ಲಿ ಕಲ್ಯಾಣ ನಗರದಲ್ಲಿ ಟ್ಯೂಷನ್ ಹೇಳುತ್ತಿದ್ದೆ, ಪಾಠದ ವೇಳೆ ಫೋನು ಬ್ಯಾಗಿನಲ್ಲಿರಬೇಕೆಂಬುದು ನಾನೇ ಮಾಡಿಕೊಂಡ ನಿಯಮ. ಅಪ್ಪನಿಗೆ ಕರೆ ಮಾಡಿದೆಯಂತೆ. ಅವನು ಹೊರಮಾವಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತು, "ಎಲ್ಲಾರೂ ಆರಾಮ ಅದಾರವ್ವಾ, ಫೋನಿಗಷ್ಟ ಆರಾಮಿಲ್ಲ" ಎಂದು ಹೇಳಿ ಯಾರದೋ ಕಾರಿಗೆ ಗೇಟು ತೆರೆಯಲು ಓಡಿದನಂತೆ. ಅಷ್ಟರಿಂದ ನಿನಗೆ ಸಮಾಧಾನವಾಗಿರಲಾರದು. ಆದ್ದರಿಂದ ಈ ಕಾಗದ.

ಮೊದಲು ಸಂತೋಷದ ಸುದ್ದಿ. ಐದನೆಯ ಸೆಮಿಸ್ಟರಿನ ಫಲಿತಾಂಶ ಬಂದಿದೆ, ಬಿ.ಸಿ.ಎ. ತರಗತಿಗೆ ಈ ಬಾರಿಯೂ ನಾನೇ ಮೊದಲಿಗಳು. ಇದನ್ನು ನೀನು ಜಂಬವೆಂದು ಕರೆಯುತ್ತೀಯೆ, ನಾನು ವರದಿ ಎಂದು ಕರೆಯುತ್ತೇನೆ. ನೋಟೀಸು ಬೋರ್ಡಿನ ಮುಂದೆ ನಿಂತು ನನ್ನ ಹೆಸರನ್ನು ನಾನೇ ಇನ್ನೊಮ್ಮೆ ಓದಿಕೊಂಡೆನೆಂಬುದನ್ನೂ ಮುಚ್ಚಿಡುವುದಿಲ್ಲ. ಎರಡನೆಯ ಸ್ಥಾನ ಶಿವಾಜಿನಗರದ ಸೈಫ್‌ನದು. "ಒಂದ್ಸಲನಾದ್ರೂ ಜ್ವರ ಬರ್ಸ್ಕೊಳ್ಳೇ, ನಂಗೂ ಒಂದ್ ಚಾನ್ಸ್ ಸಿಗ್ಲಿ" ಎಂದ. ಮುಂದಿನ ಸೆಮಿಸ್ಟರಿನಲ್ಲಿ ಯೋಚಿಸುತ್ತೇನೆಂದು ಹೇಳಿದ್ದೇನೆ.

ಇಂಥ ಮೊದಲಿಗಳ ಮನೆಯಲ್ಲಿ, ಗಣಕದ ಸುರಕ್ಷತೆಯ ಬಗ್ಗೆ ಕಾಲೇಜಿನಲ್ಲಿ ಪ್ರಬಂಧ ಓದಿ ಚಪ್ಪಾಳೆ ಗಿಟ್ಟಿಸಿದವಳ ಮನೆಯಲ್ಲಿ, ಏನಾಯಿತೆಂದು ಕೇಳು.

ಫೋನು ಸ್ವಿಚ್ ಆಫ್ ಆಗಿದ್ದ ಆ ಭಾನುವಾರಕ್ಕೆ ಮುಂಚಿನ ಶುಕ್ರವಾರ, ಸಂಜೆ ಕಾಲೇಜಿನಿಂದ ಬಂದು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗೆ ದೀಪ ಉರಿಯುತ್ತಿತ್ತು. ದೇವರ ಪಟದ ಮುಂದೆ ಹಿತ್ತಾಳೆಯ ತಟ್ಟೆ. ತಟ್ಟೆಯಲ್ಲಿ ಎಲೆ, ಅಡಿಕೆ, ಅವುಗಳ ನಡುವೆ ಅವ್ವನ ಫೋನು. ಫೋನಿನ ನಾಲ್ಕೂ ಮೂಲೆಗೆ ಅರಿಶಿನ, ಕ್ಯಾಮೆರಾದ ಕಣ್ಣಿನ ಮೇಲೆ ಕುಂಕುಮ, ಮೈತುಂಬ ಅಕ್ಷತೆ. ಅವ್ವ ತಲೆಯ ಮೇಲೆ ಸೆರಗು ಹೊದ್ದು, ಕೈ ಜೋಡಿಸಿ ಕುಳಿತಿದ್ದಳು.

"ಏನವ್ವಾ ಇದು?"

"ಲಗ್ನಪತ್ರಿಕಿ ಬಂದೈತಿ."

"ಯಾರ ಲಗ್ನ?"

"ನಮ್ಮವರದ."

"ನಮ್ಮವರಂದ್ರ ಯಾರು?"

"ನಮ್ಮವರಂದ್ರ ನಮ್ಮವರು. ಏನ್ ಪೊಲೀಸಿನಂಗ ಕೇಳ್ತೀ, ಪೊಲೀಸಾಗಾಕ ಹೋದಾಕಿ ನಿಮ್ಮಕ್ಕ. ನೆಟ್‌ವರ್ಕ್ ಇಲ್ಲ ಕಾಣಸ್ತೈತಿ, ಚಿತ್ರ ಬರವಲ್ದು, ನೋಡು."

ನಗಬೇಡ. ಲಗ್ನಪತ್ರಿಕೆಯನ್ನು ಅವ್ವ ಎಂದಾದರೂ ನಿಂತ ಕಾಲಿನಲ್ಲಿ ಒಡೆದು ಓದಿದ್ದನ್ನು ನೀನು ಕಂಡಿದ್ದೀಯಾ? ಮಾನ್ವಿಯಲ್ಲಿದ್ದಾಗಲೂ ಅಷ್ಟೇ, ಇಲ್ಲಿ ಈ ಒಂದು ಕೋಣೆಯ ಬಾಡಿಗೆ ಮನೆಯಲ್ಲಿಯೂ ಅಷ್ಟೇ: ಕೈಕಾಲು ತೊಳೆದು, ದೇವರ ಮುಂದಿಟ್ಟು, ಅರಿಶಿನ ಹಚ್ಚಿ, ಆಮೇಲೆಯೇ ತೆರೆಯಬೇಕು. ತೆರೆಯದೆ ಬಿಟ್ಟರೆ ಕರೆಯಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳುಹಿಸಿದಂತೆ. ಪತ್ರಿಕೆ ಕಾಗದದಿಂದ ವಾಟ್ಸಾಪಿಗೆ ಬಂದಿತೆಂದು ಮರ್ಯಾದೆಯನ್ನು ಕಡಿಮೆ ಮಾಡುವವಳಲ್ಲ ನಮ್ಮವ್ವ.

ಅಕ್ಷತೆ ಸರಿಸಿ ನೋಡಿದೆ. 'ಮದುವೆ ಆಮಂತ್ರಣ' ಎಂಬ ಹೆಸರು; ಹೆಸರಿನ ತುದಿಯಲ್ಲಿ ಒಂದು ಚುಕ್ಕಿ, ಚುಕ್ಕಿಯ ಆಚೆ ಎ.ಪಿ.ಕೆ. ಎಂಬ ಬಾಲ. ಅಕ್ಕಾ, ನಿನ್ನ ವೃತ್ತಿಗೂ ಬೇಕಾಗುವ ವಿಷಯವಿದು, ನೆನಪಿಟ್ಟುಕೋ: ಫೋಟೋಗೆ ಒಂದು ಬಾಲವಿರುತ್ತದೆ, ಓದುವ ಕಾಗದಕ್ಕೆ ಇನ್ನೊಂದು. ಈ ಬಾಲವಿರುವುದು ಆ್ಯಪಿಗೆ. ಅಂದರೆ ನಾವು ನೋಡಿ ಮಡಿಸಿಡುವ ಪತ್ರಿಕೆಯಲ್ಲ ಅದು, ಫೋನಿನೊಳಗೆ ಬಂದು ಸಂಸಾರ ಹೂಡುವ ಆಸಾಮಿ. ಒಮ್ಮೆ ಕೂತರೆ ನಮ್ಮ ಮೆಸೇಜು ಓದುತ್ತದೆ, ಬ್ಯಾಂಕಿನಿಂದ ಬರುವ ಗುಟ್ಟಿನ ಸಂಖ್ಯೆ ಕದಿಯುತ್ತದೆ, ನಮ್ಮದೇ ಹೆಸರಿನಲ್ಲಿ ಬಂಧುಬಳಗಕ್ಕೆಲ್ಲ ತನ್ನನ್ನು ತಾನೇ ಕಳುಹಿಸಿಕೊಳ್ಳುತ್ತದೆ.

"ಒತ್ತಿದಾಗ ಏನಾದ್ರೂ ಕೇಳಿತೇನವ್ವಾ?"

"ಭಾಳ ಮರ್ಯಾದಿಲೆ ಕೇಳಿತು. ಒಳಗ ಬರ್ಲೇನು ಅಂತು. ಮೆಸೇಜ್ ನೋಡ್ಲೇನು ಅಂತು. ಮತ್ತೇನೋ ಅಂತು. 'ಅನುಮತಿಸಿ' ಅಂತ ಕೆಳಗ ಬರದಿತ್ತು, ಅನುಮತಿಸಿದೆ. ಬಾಗ್ಲಾಗ ನಿಂತು ಅಷ್ಟು ಮರ್ಯಾದಿಲೆ ಕೇಳೋರಿಗೆ ಬ್ಯಾಡ ಅಂತ ಹೆಂಗ ಅನ್ನೋದು?"

"ಗುರ್ತಿಲ್ಲದವರು ಕಳಿಸಿದ್ದು ತೆಗೀಬ್ಯಾಡ ಅಂತ ನಾ ಹೇಳಿರಲಿಲ್ಲೇನು?"

ಅವ್ವನಿಗೆ ಕೋಪ ಬಂತು. "ಗುರ್ತಿದ್ದವರ ನಂಬರಿಂದನ ಬಂದೈತಲ್ಲ! ನೀ ಹೇಳಿದ್ದ ಮೀರಿಲ್ಲ ನಾ!"

ಮೀರಿರಲಿಲ್ಲ, ನಿಜ. ಅವ್ವ ನನ್ನ ಪಾಠವನ್ನು ಅಕ್ಷರಶಃ ಪಾಲಿಸಿದ್ದಳು; ಪಾಠವೇ ಅರ್ಧವಾಗಿತ್ತು. ಗುರುತಿನವರ ಫೋನೇ ಕೆಟ್ಟವರ ಕೈಗೆ ಸಿಕ್ಕಿದ್ದರೆ, ಕಳುಹಿಸಿದ್ದು ಅವರಲ್ಲ, ಅವರ ಹೆಸರು ಮಾತ್ರ. ಕಾಲೇಜಿನಲ್ಲಿ ನನಗೆ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರೂ ಈ ಕೊರತೆಯನ್ನು ತೋರಿಸಿರಲಿಲ್ಲ.

ತಕ್ಷಣ ಇಂಟರ್ನೆಟ್ ನಿಲ್ಲಿಸಿ, ಸಿಮ್ ತೆಗೆದು, ಫೋನನ್ನು ಸ್ವಿಚ್ ಆಫ್ ಮಾಡಿದೆ. ನನ್ನ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಗೆ ತಡೆ ಹಾಕಿಸಿದೆ, ೧೯೩೦ ಸಂಖ್ಯೆಯ ಸೈಬರ್ ಸಹಾಯವಾಣಿಗೂ ತಿಳಿಸಿದೆ. ದುಡ್ಡು ಎಲ್ಲಿಯೂ ಹೋಗಿಲ್ಲ, ನೀನು ನಿಶ್ಚಿಂತೆಯಿಂದಿರು. ಆದರೆ ಆ ಆಸಾಮಿ ಅಷ್ಟರಲ್ಲೇ ಒಂದು ಕೆಲಸ ಮುಗಿಸಿಬಿಟ್ಟಿತ್ತು. ಅವ್ವನ ಫೋನಿನಲ್ಲಿದ್ದ ಪ್ರತಿಯೊಂದು ನಂಬರಿಗೂ (ನಿನಗೂ ಬಂದಿದ್ದರೆ ತೆರೆಯದೆ ಅಳಿಸಿಬಿಡು) 'ಮದುವೆ ಆಮಂತ್ರಣ' ಹೋಗಿತ್ತು, ನಮ್ಮವ್ವ ಶೇಷಮ್ಮನ ಹೆಸರಿನಲ್ಲಿ! ಶೇಷಮ್ಮ ಮದುವೆಗೆ ಕರೆಯುತ್ತಿದ್ದಾಳೆಂದರೆ ಜನ ಏನು ತಿಳಿಯಬೇಕು? ದೊಡ್ಡ ಮಗಳು ತರಬೇತಿಯಲ್ಲಿದ್ದಾಳೆ. ಹಾಗಾದರೆ ಮದುಮಗಳು ನಾನೇ.

ಮೊದಲು ಬಂದವರು ಮನೆಯ ಓನರು ದೊಡ್ಡಮುನಿಯಮ್ಮನವರು. ಶನಿವಾರ ಬೆಳಗ್ಗೆ ನಾನು ಹಲ್ಲುಜ್ಜುತ್ತಿದ್ದಾಗಲೇ ತೆಂಗಿನಕಾಯಿ, ರವಿಕೆ ಕಣ ಹಿಡಿದು ಬಾಗಿಲಿಗೆ ಬಂದು ನಿಂತರು.

"ಏನಮ್ಮಾ ಶೇಷಮ್ಮಾ, ಒಂದೇ ಕಾಂಪೌಂಡಲ್ಲಿದ್ಕೊಂಡು ನಮ್ಗೂ ಫೋನಲ್ಲೇ ಕರೆಯೋದಾ? ಬಾಯಲ್ಲಿ ಹೇಳಿದ್ರೆ ಮುತ್ತುದುರ್ತಿತ್ತಾ? ನೀನೂ ಸರಿ ಕಣೇ ಹುಡ್ಗೀ, ಪುಸ್ತಕದ ಹಿಂದೆ ಇದೇನಾ ಓದ್ತಿದ್ದಿದ್ದು?"

ಬಾಯಿತುಂಬ ಪೇಸ್ಟಿದ್ದುದರಿಂದ ನನಗೆ ಉತ್ತರಿಸಲಾಗಲಿಲ್ಲ. ನಾಚಿಕೊಂಡೆನೆಂದು ಅವರು ತಿಳಿದರು. ಅವರ ಮೊಮ್ಮಗ ಸುನೀಲ್ ಕೆಲಸಕ್ಕೆ ಹೋಗಿದ್ದ, ತೆರೆದು ತೋರಿಸುವವರಿರಲಿಲ್ಲ. ಹಾಗಾಗಿ ಅವರ ಫೋನು ಉಳಿಯಿತು.

ವಿಮಾನಪುರದಿಂದ ದುರ್ಗೇಶ ಕಾಕಾನ ಕರೆ ಬಂತು: "ಏನವ್ವಾ ಟಾಪರ್, ಗಂಡಿಗೂ ಏನಾದ್ರೂ ರ‍್ಯಾಂಕ್ ಬಂದೈತೋ, ಇಲ್ಲ ನೀನ ಇಬ್ಬರದೂ ಓದಾಕಿಯೋ? ಪತ್ರಿಕಿ ತೆರೀಲಿಕ್ಕ ಏನೇನೋ ಕೇಳಾಕತ್ತೈತಿ, ಎಲ್ಲಾ ಹೂಂ ಅನ್ನಲೇನು?" "ಯಾವುದಕ್ಕೂ ಹೂಂ ಅನಬ್ಯಾಡ ಕಾಕಾ, ಮದುವಿ ಇಲ್ಲ!" ಎಂದು ಎಷ್ಟು ಜೋರಾಗಿ ಕೂಗಿದೆನೆಂದರೆ, ಮದುವೆ ಮುರಿದುಬಿತ್ತೆಂದು ಕಾಕಾ ನನ್ನನ್ನು ಸಂತೈಸತೊಡಗಿದ.

ಎಲ್ಲಕ್ಕಿಂತ ದೊಡ್ಡ ಅವಮಾನ ಕಾಲೇಜಿನಲ್ಲಿ. ನಮ್ಮ ವಿಭಾಗದ ಮುಖ್ಯಸ್ಥೆ ಧನುಶ್ರೀ ಮೇಡಂ ಅವರ ನಂಬರನ್ನು ಅವ್ವನ ಫೋನಿನಲ್ಲಿ ಹಾಕಿಕೊಟ್ಟವಳು ನಾನೇ. ಅವರು ನನ್ನನ್ನು ಕಂಡೊಡನೆ ಮುಖ ತಿರುಗಿಸಿದರು. ಹಿಂದೆ ಹೋದೆ. "ಇನ್ನೊಂದು ಸೆಮಿಸ್ಟರ್ ತಡ್ಕೊಳಕ್ಕಾಗ್ಲಿಲ್ವಾ ಶಾಂಭವಿ? ಎಂ.ಸಿ.ಎ.ಗೆ ಹೋಗ್ತೀಯಾ ಅಂತ ನಾನು ಎಲ್ಲರ ಹತ್ರ ಹೇಳ್ಕೊಂಡ್ ಬಂದಿದ್ದೆ" ಎಂದರು. ವಿಷಯ ಬಿಡಿಸಿ ಹೇಳಿ, "ಮೇಡಂ, ನೀವು ಅದನ್ನು ತೆರೆದಿಲ್ಲ ತಾನೇ?" ಎಂದೆ. ಅವರು, "ನಿನ್ನ ಮೇಲಿನ ಸಿಟ್ಟಿಗೆ ಓಪನ್ ಮಾಡ್ಲಿಲ್ಲಮ್ಮಾ" ಎಂದು ಒಪ್ಪಿಕೊಂಡರು. ಸಿಟ್ಟು ಕೂಡ ಒಮ್ಮೊಮ್ಮೆ ಫೋನನ್ನು ಕಾಯುತ್ತದೆ.

ಮರುದಿನ, ಅಂದರೆ ನಿನ್ನ ಮೊದಲ ಭಾನುವಾರ, ಫೋನು ಸ್ವಿಚ್ ಆಫ್ ಆಗಿಯೇ ಇತ್ತು. ಪೂರ್ತಿ ಅಳಿಸದೆ ಅದನ್ನು ಮತ್ತೆ ಬಳಸುವಂತಿರಲಿಲ್ಲ. ಅಳಿಸುವುದು ನನಗೆ ಬಾರದ ವಿದ್ಯೆಯೇನಲ್ಲ. ಆದರೆ ನೀನು ಮೊದಲ ಸಲ ಖಾಕಿ ತೊಟ್ಟ ದಿನದ ಫೋಟೋಗಳು ಅದರಲ್ಲೇ ಇದ್ದವು. ಅವನ್ನು ತೆಗೆದಿಡೋಣವೆಂದರೆ ಚಾರ್ಜರಿನ ಕಿಂಡಿಯೊಳಗೆ ವಯರು ಹೋಗಲೊಲ್ಲದು. ಸೋಮವಾರ ಸೈಫ್ ತನ್ನ ಚಿಕ್ಕಪ್ಪ ಖಾದರ್ ಅವರ ರಿಪೇರಿ ಅಂಗಡಿಗೆ, ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಗೆ ಕರೆದೊಯ್ದ. ಖಾದರ್ ಚಾಚಾ ಕನ್ನಡಕವನ್ನು ಹಣೆಗೇರಿಸಿ, ಸೂಜಿಯಿಂದ ಕಿಂಡಿಯನ್ನು ಕೆದಕಿದರು. ಹಳದಿ ಪುಡಿಯೊಂದಿಗೆ ಒಂದು ಅಕ್ಕಿಕಾಳು ಹೊರಬಂತು.

"ಅರೇ ಬೇಟಿ, ಯೇ ಕ್ಯಾ? ಹಲ್ದಿ! ಅಕ್ಕಿ ಬೇರೆ! ಫೋನಿಗೇ ಮದ್ವೆ ಮಾಡ್ಬಿಟ್ರಾ?"

"ಚಾಚಾ, ಟಾಪರ್ ಮನೆ ಫೋನು ಅದು," ಎಂದ ಸೈಫ್. "ಹಂಗೇ ಮುಟ್ಬೇಡಿ, ಕೈ ತೊಳ್ಕೊಂಡ್ ಬನ್ನಿ."

"ಊಟ ಹಾಕ್ಸಿದ್ರೆ ತೊಳ್ಕೊತೀನಪ್ಪಾ, ಬರೀ ಅಕ್ಷತೆಗೆ ಯಾಕೆ?"

ನಾನೂ ನಕ್ಕೆ, ನಗದಿದ್ದರೆ ಸೈಫ್ ಗೆದ್ದಂತಾಗುತ್ತಿತ್ತು. ಫೋಟೋಗಳನ್ನಷ್ಟೇ ಬೇರೆಡೆಗೆ ತೆಗೆದುಕೊಂಡು, ಆ್ಯಪುಗಳಲ್ಲಿ ಒಂದನ್ನೂ ಉಳಿಸದೆ, ಫೋನನ್ನು ಕೊಂಡ ದಿನದಂತೆ ಖಾಲಿ ಮಾಡಿದೆವು. ಹೊಸ ಪಾಸ್‌ವರ್ಡು, ವಾಟ್ಸಾಪಿಗೆ ಇನ್ನೊಂದು ಬೀಗ, ಎಲ್ಲವನ್ನೂ ನಾನೇ ಹಾಕಿದೆ. ನಿನ್ನ ಖಾಕಿಯ ಫೋಟೋಗಳು ಮರಳಿ ಅದರೊಳಗೇ ಇವೆ.

ಫೋನು ಸರಿಹೋಯಿತು, ಅವ್ವ ಸರಿಹೋಗಲಿಲ್ಲ. ತಂದುಕೊಟ್ಟರೆ ಮುಟ್ಟಲಿಲ್ಲ. "ನನಗ ಬ್ಯಾಡವ್ವಾ ಅದು. ನನ್ನ ಕೈ ಸುಮ್ಮನಿರಂಗಿಲ್ಲ" ಎಂದು ಬಟ್ಟೆಯಲ್ಲಿ ಸುತ್ತಿ, ರೊಟ್ಟಿ ಬುಟ್ಟಿಯ ಪಕ್ಕದ ಗೂಡಿನಲ್ಲಿಟ್ಟಳು. ಮಾನ್ವಿಯ ಕಡೆಯವರು ಯಾರೋ "ಬೆಂಗಳೂರಿಗೆ ಹೋಗಿ ನಮಗ ರೋಗ ಕಳಿಸ್ಯಾಳ" ಎಂದಿದ್ದು ಅವಳ ಕಿವಿಗೆ ಬಿದ್ದಿತ್ತು. ನಾನು ಎಲ್ಲರಿಗೂ ಒಬ್ಬೊಬ್ಬರಾಗಿ ಕರೆ ಮಾಡಿ ತಿಳಿಸಿದೆ. ಅವ್ವನ ಮುಖ ಮಾತ್ರ ಅರಳಲಿಲ್ಲ.

ದೊಡ್ಡಮುನಿಯಮ್ಮನವರಿಗೆ ಇದನ್ನು ಸಹಿಸಲಾಗಲಿಲ್ಲ. "ಹಾಲುಕ್ಕಿಸ್ದೋಳು ನೀನೊಬ್ಳೇನಾ ಈ ಊರಲ್ಲಿ? ಏಳಮ್ಮಾ ಮೇಲೆ" ಎಂದು ಗದರಿ, ಹೋದ ಭಾನುವಾರ ಮಧ್ಯಾಹ್ನ ಕಾಂಪೌಂಡಿನ ಹೆಂಗಸರನ್ನೆಲ್ಲ ತಮ್ಮ ಜಗಲಿಯ ಮೇಲೆ ಸೇರಿಸಿದರು. ನನಗೆ ಪಾಠ ಹೇಳಬೇಕೆಂದು ಅಪ್ಪಣೆಯಾಯಿತು. ಅವ್ವ ಮೆಣಸಿನಕಾಯಿಯ ಮೊರ ಹಿಡಿದು ಮೂಲೆಯಲ್ಲಿ ಕುಳಿತಳು, ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ.

ನಾನು ಕಾಲೇಜಿನ ಭಾಷೆಯಲ್ಲಿ ಆರಂಭಿಸಿದೆ. "ಫೈಲಿನ ವಿಸ್ತರಣೆಯನ್ನು ಪರಿಶೀಲಿಸದೆ..." ಎನ್ನುತ್ತಿದ್ದಂತೆ ದೊಡ್ಡಮುನಿಯಮ್ಮನವರು ಆಕಳಿಸಿದರು. ಆಗ ಮೂಲೆಯಿಂದ ಅವ್ವನ ಧ್ವನಿ ಬಂತು.

"ಬಾಲ ನೋಡ್ರಿ ಅನ್ನಾಕತ್ಯಾಳ. ಮುಖ ನೋಡಿ ಮೋಸ ಹೋಗಬ್ಯಾಡ್ರಿ, ಹೆಸರು ಎಷ್ಟ ಉದ್ದ ಇದ್ರೂ ತುದಿತನಕ ಓದ್ರಿ. ಪತ್ರಿಕಿ ಅಂದ್ರ ನೋಡಿದ್ರ ಮುಗೀತು. ನಿಮ್ಮ ಮೆಸೇಜ್ ಓದ್ಲೇನು, ನಿಮ್ಮ ಮನ್ಯಾಗಿರ್ಲೇನು ಅಂತ ಯಾವ ಪತ್ರಿಕಿನಾದ್ರೂ ಕೇಳತೈತೇನು? ಕೇಳಿದ್ರ ಅದು ಪತ್ರಿಕಿನ ಅಲ್ಲ. ಎಷ್ಟ ಮರ್ಯಾದಿಲೆ ಕೇಳಿದ್ರೂ ಬ್ಯಾಡ ಅನ್ರಿ. ಗುರ್ತಿದ್ದವರದಂತ ಅನಿಸಿದ್ರ, ಅವರಿಗೇ ಒಂದು ಫೋನ್ ಹಚ್ರಿ, 'ಇದು ನೀವ ಕಳಿಸೀರೇನು' ಅಂತ ಕೇಳ್ರಿ. ಖರೇನ ಕರಿಯೋರು ಬಾಯಿಲೆ ಕರೀತಾರ."

ಅಕ್ಕಾ, ನನ್ನ ಪ್ರಬಂಧಕ್ಕೆ ಚಪ್ಪಾಳೆ ಬಂದಿತ್ತು. ಇದಕ್ಕೆ ಪ್ರಶ್ನೆಗಳು ಬಂದವು. ಯಾರು ಮೊದಲು ಕೇಳಬೇಕೆಂದು ಜಗಳವೇ ನಡೆಯಿತು. ಮಗನ ಫೋನಿಗೆ ಬಂದ ಟ್ರಾಫಿಕ್ ದಂಡದ ಫೈಲು, ಗ್ಯಾಸ್ ಬಿಲ್ಲಿನ ಫೈಲು, ಎಲ್ಲವನ್ನೂ ಹೆಂಗಸರು ನನ್ನ ಮುಂದೆ ಹಿಡಿದು ಬಾಲ ತೋರಿಸಿದರು. ನಾನು ಹೆಮ್ಮೆಯಿಂದ ಅವ್ವನ ಕಡೆ ನೋಡಿದೆ. ಅಷ್ಟರಲ್ಲಿ ದೊಡ್ಡಮುನಿಯಮ್ಮನವರು ತಮಾಷೆಗೆ, "ಇಷ್ಟೆಲ್ಲಾ ಗೊತ್ತಿದ್ದೋಳು ಅವತ್ತು ನೀನೇ ಒಂದ್ ಫೋನ್ ಮಾಡಿ ಕೇಳ್ಬೇಕಾಗಿತ್ತಲ್ವೇನಮ್ಮಾ ಅವ್ರನ್ನ?" ಎಂದರು.

ಎಲ್ಲರೂ ನಕ್ಕರು. ಅವ್ವ ಮಾತ್ರ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಳು.

ಅದೇ ಸಂಜೆ ನಿನ್ನ ಕರೆ ಬಂದದ್ದು. ನಾನು ಟ್ಯೂಷನ್‌ಗೆ ಹೊರಡುವ ಮುನ್ನ ಫೋನನ್ನು ಗೂಡಿನಿಂದ ತೆಗೆದು ಅವಳ ಮುಂದಿಟ್ಟು, "ಅಕ್ಕ ಮಾಡ್ತಾಳ, ಹಸಿರು ಗುಂಡಿ ಒತ್ತು, ಅದಕ್ಕ ಬಾಲ ಇಲ್ಲ" ಎಂದು ಹೇಳಿ ಹೋಗಿದ್ದೆ. ಎತ್ತಲಿಲ್ಲ. ಫೋನೆಂದರೆ ಭಯವಾಗುತ್ತದೆ ಎನ್ನುತ್ತಾಳೆ. ಬರುವ ಭಾನುವಾರ ನಾನು ರಜೆ ಹಾಕಿ ಮನೆಯಲ್ಲೇ ಇರುತ್ತೇನೆ. ನೀನು ತಪ್ಪದೆ ಕರೆ ಮಾಡು.

ಅಪ್ಪ ಚೆನ್ನಾಗಿದ್ದಾನೆ. ಅವ್ವ ನಿನಗೆಂದು ಶೇಂಗಾ ಚಟ್ನಿಪುಡಿ ಕುಟ್ಟಿ ಡಬ್ಬಿ ತುಂಬಿದ್ದಾಳೆ, ಕಲಬುರಗಿಯ ಕಡೆ ಹೋಗುವವರ ಕೈಯಲ್ಲಿ ಕಳುಹಿಸುತ್ತೇವೆ. ಇಬ್ಬರ ಆಶೀರ್ವಾದವೂ ಈ ಕಾಗದದ ಜೊತೆಗಿದೆ. ನಿನ್ನ ಲಾಠಿಗೆ ಕೆಲಸ ಬಾರದಿರಲಿ, ನಿನ್ನ ಮೊಣಕಾಲಿಗೆ ಬಲ ಬರಲಿ ಎಂಬುದು ಅಪ್ಪನ ಮಾತು. ನನ್ನ ಕೊನೆಯ ಸೆಮಿಸ್ಟರಿಗೆ ನಿನ್ನ ಹಾರೈಕೆಯನ್ನು ಮರುಟಪಾಲಿನಲ್ಲಿ ಬೇಡುವ,

ನಿನ್ನ ತಂಗಿ
ಶಾಂಭವಿ

ಮರೆತ ಮಾತು: ಮರೆತದ್ದಲ್ಲ, ಅಕ್ಕಾ. ಹೆಸರನ್ನು ತುದಿಯವರೆಗೆ ಓದಬೇಕೆಂದು ಊರಿಗೆಲ್ಲ ಹೇಳಿದ ನಾನು, ಈ ಕಥೆಯ ತುದಿಯನ್ನು ನಿನ್ನಿಂದ ಮುಚ್ಚಿಟ್ಟು ಸಹಿ ಹಾಕಿದೆ. ಆಗಲಿಲ್ಲ, ಲಕೋಟೆಯನ್ನು ಮತ್ತೆ ಬಿಚ್ಚಿದೆ.

ಆ ಪತ್ರಿಕೆ ಬಂದದ್ದು ಮಾನ್ವಿಯ ಅತ್ತೆಯ ನಂಬರಿನಿಂದ. ನೀನು ಪೊಲೀಸ್ ಕೆಲಸಕ್ಕೆ ಸೇರುವುದನ್ನು ಒಪ್ಪದೆ ಅವರು ನಿಶ್ಚಯದ ಸೀರೆಯನ್ನು ವಾಪಸು ತರಿಸಿಕೊಂಡ ಮೇಲೆ, ಆ ಮನೆಯಿಂದ ಅವ್ವನಿಗೆ ಬಂದ ಮೊದಲ ಅಕ್ಷರ ಅದು. ಅತ್ತೆಯ ಮಗ ಈರೇಶನಿಗೆ ನಿನ್ನ ಬದಲು ಬೇರೆ ಹೆಣ್ಣು ನಿಶ್ಚಯವಾಗಿದೆಯೆಂದೇ ಅವ್ವ ತಿಳಿದಳು. ಕೇಳೋಣವೆಂದರೆ ಮಾತು ಬಿಟ್ಟ ಮನೆಗೆ ಫೋನು ಹಚ್ಚುವುದು ಹೇಗೆ? ಆದರೂ ಕರೆದಿದ್ದಾರಲ್ಲ ಎಂದು ಅರಿಶಿನ ಹಚ್ಚಿದಳು. "ಹುಡುಗಿ ಹೆಸರು ನೋಡಬೇಕಂತ ಜೀವ ಚಡಪಡಿಸ್ತು. ನನ್ನ ಮಗಳನ್ನ ಬ್ಯಾಡಂದ ಮನಿ ಪತ್ರಿಕಿಗೆ ಕೈ ಮುಗದೀನಿ. ಗಂಗಾ ದನಿ ಕೇಳಿದ್ರ ನಾ ತಡಕೊಳ್ಳಂಗಿಲ್ಲ, ಆಕಿಗೆ ಹೇಳಬ್ಯಾಡ" ಎಂದಳು. ಭಯ ಫೋನಿನದಲ್ಲ. ಹೋದ ಭಾನುವಾರ ಅದು ರಿಂಗಾಗಿ ನಿಲ್ಲುವವರೆಗೂ ಅವ್ವ ಅದರ ಮುಂದೆಯೇ ಕುಳಿತಿದ್ದಳೆಂದು ದೊಡ್ಡಮುನಿಯಮ್ಮ ಹೇಳಿದರು. ಪರದೆಯ ಮೇಲೆ ನಿನ್ನ ಖಾಕಿಯ ಫೋಟೋ ಬೆಳಗುತ್ತಿತ್ತಂತೆ.

ಅತ್ತೆಯ ಫೋನೂ ಕೆಟ್ಟಿದೆಯೆಂದು ತಿಳಿಸಲು ಅವಳಿಗೂ ಕರೆ ಮಾಡಿದೆ. ಅವಳು ಕತ್ತರಿಸಲಿಲ್ಲ. ಆ ಮನೆಯಲ್ಲಿ ಯಾವ ಮದುವೆಯೂ ನಿಶ್ಚಯವಾಗಿಲ್ಲ. ಎಲ್ಲ ಕೇಳಿಸಿಕೊಂಡು, ಕೊನೆಗೆ, "ಗಂಗಾ ಬಿಸಿಲಾಗ ಸೊರಗ್ಯಾಳೇನು?" ಎಂದಳು. ಈ ಸುದ್ದಿಯನ್ನು ನೀನು ಏನು ಮಾಡುತ್ತೀಯೋ ಅದು ನಿನ್ನದು, ನಾನು ಕೇಳುವುದಿಲ್ಲ.

ಭಾನುವಾರ ಹಸಿರು ಗುಂಡಿಯನ್ನು ನಾನೇ ಒತ್ತಿ ಫೋನನ್ನು ಅವ್ವನ ಕಿವಿಗೆ ಹಿಡಿಯುತ್ತೇನೆ. ಅವಳು ಮಾತಾಡುವುದಿಲ್ಲ. ನೀನೇ ಮೊದಲು, "ಅವ್ವಾ, ನನಗ ಎಲ್ಲಾ ಗೊತ್ತೈತಿ, ಅರಿಶಿನ ಹಚ್ಚಿದ್ದು ಚಲೋ ಮಾಡಿದಿ" ಎಂದುಬಿಡು. ಆಮೇಲೆ ನಿನಗೆ ಕೊಟ್ಟ ಹೊತ್ತು ಸಾಲುವುದಿಲ್ಲ, ನೋಡುತ್ತಿರು.

— ಶಾಂ.